ಒಪ್ಪೋಲೆ

ಮಾರ್ಚ್ 2

ಅಕ್ಕ,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಗಡಿಯಾಚೆ ಈಚೆ ಓಡಾಡುವ ಲಾರಿ ಡ್ರೈವರ್ ಒಬ್ಬನ ಕೈಗೆ ಕೊಡುತ್ತಿದ್ದೇನೆ. ಆದ್ದರಿಂದ ಇದೊಂದನ್ನು ಮಾತ್ರ ಬಿಚ್ಚುಮನಸ್ಸಿನಿಂದ ಬರೆಯಬಹುದು. ಓದಿ ಸುಟ್ಟುಬಿಡು.

ನಾನು ದಾಟಿದೆ. ನೀರು ಮಂಡಳಿಯ ಮುಖ್ಯ ಎಂಜಿನಿಯರ್ ಎಲ್ಲಿ ಅಡಗಿದ್ದಾನೆ ಎಂದು ಅಲ್ಲಿ ಎಲ್ಲರೂ ಹುಡುಕುತ್ತಿರುವಾಗ ನಾನಿಲ್ಲಿ ಒಂದು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ಬ್ರೆಡ್ಡು ತಿನ್ನುತ್ತಿದ್ದೇನೆ. ಹೇಗೆ ಬಂದೆ ಎಂದು ಹೇಳಿದರೆ ಬೈಯುತ್ತೀಯ. ಬೈದು ಮುಗಿಸಿ ಮುಂದೆ ಓದು. ಭಾವನ ಪಾಸ್‌ಪೋರ್ಟಿನಲ್ಲಿ ಬಂದೆ.

ಲಿಫ್ಟ್ ಕಂಪನಿಯ ತರಬೇತಿಗೆಂದು ಮಾಡಿಸಿ, ಕೊನೆಗೆ ಹೋಗದೇ ಉಳಿದರಲ್ಲ, ಅದೇ ಪಾಸ್‌ಪೋರ್ಟು. ನಿನಗೆ ಹೇಳದೆ ತೆಗೆದುಕೊಂಡು ಬಂದೆ. ಒಂದು ಸೀಲೂ ಬಿದ್ದಿರಲಿಲ್ಲ. ಫೋಟೋ ಒಂಬತ್ತು ವರ್ಷ ಹಳೆಯದು. ಗಡ್ಡ ಬಿಟ್ಟರೆ ಗಂಡಸರೆಲ್ಲ ಅಣ್ಣತಮ್ಮಂದಿರೇ. ಅವರ ನೀಲಿ ಅಂಗಿ ತೊಟ್ಟು, ಸ್ಪ್ಯಾನರ್ ಚೀಲ ಹೆಗಲಿಗೇರಿಸಿ, ಮಧ್ಯಾಹ್ನ ಸಿಬ್ಬಂದಿ ಬದಲಾಗುವ ಹೊತ್ತಿಗೆ ಸರಿಯಾಗಿ ಸಾಲಿನಲ್ಲಿ ನಿಂತೆ. ಕೌಂಟರಿನವನ ಬಾಯಲ್ಲಿ ಊಟದ ಕೊನೆಯ ತುತ್ತು ಇನ್ನೂ ಇತ್ತು. ಅವನ ಗಾಜಿಗೆ ಗೆಜೆಟ್ಟಿನ ಹಾಳೆ ಅಂಟಿಸಿದ್ದರು. ಫೋಟೋ ಇರಲಿಲ್ಲ, ಬರೀ ವರ್ಣನೆ. ಅವನು ಹಾಳೆ ನೋಡಿದ, ನನ್ನನ್ನು ನೋಡಿದ, ತನ್ನ ಕಣ್ಣಿನ ಕೆಳಗೆ ತಾನೇ ಬೆರಳಿಟ್ಟುಕೊಂಡು ಎಡ ಬಲ ಎಂದು ಏನೋ ಗುಣಿಸಿದ. "ಅಲ್ಲಿ ಎಷ್ಟು ದಿನ ಇರ್ತೀರಿ?" ಅಂದ. "ಲಿಫ್ಟ್ ರೆಡಿ ಆಗೋವರೆಗೆ" ಅಂದೆ. ಸೀಲು ಒತ್ತಿಬಿಟ್ಟ. ಸ್ಪ್ಯಾನರ್ ಚೀಲ ನೋಡಿ ಮರುಳಾದನೆಂದು ಕಾಣುತ್ತದೆ.

ಇನ್ನು ಮುಂದೆ ಕಾಗದಗಳು ಅಂಚೆಯಲ್ಲಿ ಬರುತ್ತವೆ. ಅವನ್ನು ಒಡೆದು ಓದಿಯೇ ನಿನಗೆ ತಲುಪಿಸುತ್ತಾರೆ. ಆದ್ದರಿಂದ ಇನ್ನು ಮೇಲೆ ನಾನು ನಿನ್ನ ತಮ್ಮನಲ್ಲ, ಭಾವ. 'ರೀ' ಎಂದು ಶುರುಮಾಡು, 'ನೀವು' ಎಂದು ಬರಿ. ನಾನು ಭಾವ ಕರೆಯುತ್ತಿದ್ದ ಹಾಗೆ 'ಇವಳೇ' ಎನ್ನುತ್ತೇನೆ. ನಗು ಬರುತ್ತದೆ, ಏನು ಮಾಡುವುದು. ತಮ್ಮನ ಸುದ್ದಿ ಏನಾದರೂ ಇದ್ದರೆ ಮೂರನೆಯವನ ಸುದ್ದಿಯಂತೆ ತಿಳಿಸು. ಭಾವ ಬದುಕಿದ್ದಾಗ ನನಗೆ ಯಾವುದಕ್ಕೂ ಇಲ್ಲ ಎಂದವರಲ್ಲ. ಈಗಲೂ ಅನ್ನುವುದಿಲ್ಲ ಎಂದುಕೊಂಡಿದ್ದೇನೆ.

ನಿನ್ನ ತಮ್ಮ


ಮಾರ್ಚ್ 19

ರೀ,

ನಿಮಗೆ ಕಾಗದ ಬರೆದು ನನಗೆ ಅಭ್ಯಾಸವಿಲ್ಲ. ಇಪ್ಪತ್ತಾರು ವರ್ಷ ಒಂದೇ ಕೋಣೆಯಲ್ಲಿದ್ದವರು ಕಾಗದ ಯಾಕೆ ಬರೆದುಕೊಳ್ಳುತ್ತಾರೆ? ಹೇಳಬೇಕಾದದ್ದನ್ನು ನಾನು ಒಲೆಯ ಮುಂದೆ ನಿಂತು ಹೇಳುತ್ತಿದ್ದೆ, ನೀವು ಹೂಂ ಅನ್ನುತ್ತಿದ್ದಿರಿ. ಈಗ ನಿಮ್ಮ ಒಂದು ಹೂಂ ಬರುವುದಕ್ಕೂ ಮೂರು ವಾರ ಬೇಕು.

ನನ್ನ ತಮ್ಮನನ್ನು ಕೇಳಿಕೊಂಡು ಪೊಲೀಸರು ಎರಡು ಸಲ ಬಂದಿದ್ದರು. ಒಬ್ಬ ಹಾಸಿಗೆ ಎತ್ತಿ ನೋಡಿದ. ಇನ್ನೊಬ್ಬ ಮೇಜಿನ ಮೇಲಿದ್ದ ಕರಡು ಹಾಳೆಗಳನ್ನು ತಿರುವಿ, "ಇಷ್ಟೊಂದು ಕೆಂಪು ಗೀಟು ಯಾಕಮ್ಮ?" ಅಂದ. "ಸರ್ಕಾರಿ ಪ್ರೆಸ್ಸಲ್ಲಿ ಕರಡು ತಿದ್ದೋಳು ನಾನು. ಬೇರೆಯವರ ತಪ್ಪು ಹುಡುಕೋದೇ ನನ್ನ ಹೊಟ್ಟೆಪಾಡು" ಅಂದೆ. "ನಮ್ದೂ ಅದೇ ಅಲ್ವಾ" ಅಂದು ನಕ್ಕ. ಕೆಟ್ಟ ಮನುಷ್ಯನಲ್ಲ.

ನೀರಿಗೆ ಈಗಲೂ ಎಂಬತ್ತನಾಲ್ಕು ಮೆಟ್ಟಿಲು ಇಳಿದು ಕೆಳಗಿನ ಬೀದಿಯ ನಲ್ಲಿಗೇ ಹೋಗಬೇಕು. ನಮ್ಮ ಕ್ವಾರ್ಟರ್ಸ್ ಸಾಲಿಗೆ ಪೈಪು ಹಾಕಿ ಎರಡು ವರ್ಷವಾಯಿತೆಂದು ನನ್ನ ತಮ್ಮನ ಮಂಡಳಿಯ ಕಡತದಲ್ಲಿದೆಯಂತೆ. ಹಾಗೆ ಪೈಪು ಹಾಕದೇ ಹಾಕಿದ ಬೀದಿಗಳ ಪಟ್ಟಿ ಪೇಪರಿನಲ್ಲಿ ಬಂದಿತ್ತು. ನಮ್ಮದು ಹನ್ನೊಂದನೆಯದು. ಸಾಲಿನಲ್ಲಿ ನಿಂತ ಹೆಂಗಸರು ಮೊದಮೊದಲು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಈಗ ನಿಲ್ಲಿಸುವುದಿಲ್ಲ. "ನಿಮ್ ತಮ್ಮ ಹಾಕ್ಸಿದ ಪೈಪಲ್ಲಿ ಇವತ್ತು ನೀರು ಹೇಗ್ ಬರ್ತಿದೆ?" ಎಂದು ಕೇಳುತ್ತಾರೆ. ನಾನು ಕೊಡ ಮುಂದಕ್ಕೆ ಸರಿಸಿಕೊಳ್ಳುತ್ತೇನೆ.

ನಿಮ್ಮ ಕಾಗದದಲ್ಲಿ ನಾಲ್ಕು ಕಾಗುಣಿತದ ತಪ್ಪಿದ್ದವು. ತಿದ್ದಿದೆ. ಬರೀ ಬ್ರೆಡ್ಡು ತಿಂದು ಕಾಲ ಹಾಕಬೇಡಿ.

ಇವಳು


ಏಪ್ರಿಲ್ 11

ಇವಳೇ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಓದಲು ಬೇರೇನೂ ಇಲ್ಲ. ಇಲ್ಲಿಯ ಭಾಷೆಯಲ್ಲಿ ನನಗೆ ಇಪ್ಪತ್ತು ಮಾತು ಬರುತ್ತವೆ, ಅದರಲ್ಲಿ ಹತ್ತು ತರಕಾರಿಯ ಹೆಸರು. ಕೆಳಗೆ ದಿನವಿಡೀ ಟೈರು ಬಡಿಯುವ ಸದ್ದು. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಆ ದಿನ ಸದ್ದೂ ಇರುವುದಿಲ್ಲ. ಮೊನ್ನೆ ಭಾನುವಾರ ಬೆಳಗಿನಿಂದ ನನ್ನ ಬಾಯಿಂದ ಒಂದು ಮಾತೂ ಹೊರಬಿದ್ದಿಲ್ಲವೆಂದು ಸಂಜೆ ಹೊಳೆಯಿತು. ಗಂಟಲು ಸರಿಯಿದೆಯೇ ಎಂದು ಕೆಮ್ಮಿ ನೋಡಿದೆ.

ಈಗ ಒಂದು ಪೇಚು. ಬಾಡಿಗೆಗೆ ಕೊಟ್ಟ ಹೆಂಗಸು ನನ್ನ ಪಾಸ್‌ಪೋರ್ಟಿನಲ್ಲಿ ಕಸುಬು ಏನೆಂದು ಓದಿದ್ದಾಳೆ. ರಸ್ತೆಯಾಚೆ ಅವಳದೇ ಐದು ಮಹಡಿಯ ಕಟ್ಟಡವಿದೆ. ಲಿಫ್ಟ್ ಎರಡು ತಿಂಗಳಿಂದ ನಿಂತಿದೆ. ಮೇಲಿನ ಮಹಡಿಯಲ್ಲಿ ಮಂಡಿನೋವಿನ ಮುದುಕನೊಬ್ಬ ಅಂದಿನಿಂದ ಕೆಳಗಿಳಿದಿಲ್ಲವಂತೆ. "ನೀವು ಮೆಕ್ಯಾನಿಕ್ ಅಲ್ವಾ?" ಎಂದು ದಿನಾ ಮೆಟ್ಟಿಲಲ್ಲಿ ಅಡ್ಡಗಟ್ಟುತ್ತಾಳೆ. ನಾಳೆ, ನಾಳೆ ಎಂದು ತಳ್ಳುತ್ತಿದ್ದೇನೆ. ಇಷ್ಟು ವರ್ಷ ಮಾಡಿದ ಕೆಲಸ, ಆದರೂ ನೆನಪು ಕೈಕೊಟ್ಟಿದೆ. ಲಿಫ್ಟ್ ನಿಂತರೆ ನಾನು ಮೊದಲು ಏನು ಮಾಡುತ್ತಿದ್ದೆ? ನಿನಗೆ ನೆನಪಿರುವಷ್ಟು ಬರಿ.

ನಿನ್ನವನು


ಏಪ್ರಿಲ್ 28

ರೀ,

ನಿಮ್ಮ ಕೆಲಸ ನೀವೇ ಮರೆತರೆ ಹೇಗೆ? ನನಗೆ ಎಲ್ಲ ನೆನಪಿದೆ.

ಮೊದಲು ಮೇನ್ ಸ್ವಿಚ್ ಆರಿಸಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದಿರಿ, ನೀವು ಒಳಗಿರುವಾಗ ಇನ್ನಾರೋ ಬುದ್ಧಿವಂತರು ಹಾಕಿಬಿಡಬಾರದೆಂದು. ಆಮೇಲೆ ಕೆಳಗಿನಿಂದ ಒಂದೊಂದೇ ಮಹಡಿ ಹತ್ತಿ, ಪ್ರತಿ ಬಾಗಿಲ ಮೇಲೆ ಅಂಗೈಯಿಟ್ಟು ಮೆಲ್ಲಗೆ ಅಲ್ಲಾಡಿಸುತ್ತಿದ್ದಿರಿ. ಡಾಕ್ಟರು ಮಗುವಿನ ಹೊಟ್ಟೆ ಮುಟ್ಟಿ ನೋಡಿದ ಹಾಗೆ. "ಹತ್ತಕ್ಕೆ ಎಂಟು ಸಲ ಲಿಫ್ಟ್ ಕೆಟ್ಟಿರಲ್ಲ ಕಣೇ. ಯಾವ್ದೋ ಒಂದು ಬಾಗ್ಲು ಮುಚ್ಚಿದ ಹಾಗೆ ಕಾಣುತ್ತೆ, ಮುಚ್ಚಿರಲ್ಲ" ಅನ್ನುತ್ತಿದ್ದಿರಿ. ಬಾಗಿಲ ಮೇಲಿನ ಮೂಲೆಯಲ್ಲಿ ತಾಮ್ರದ ಎರಡು ತುಂಡುಗಳು ಒಂದನ್ನೊಂದು ಮುಟ್ಟಬೇಕು. ಕಪ್ಪಗಾಗಿದ್ದರೆ ಮರಳು ಕಾಗದದಿಂದ ಉಜ್ಜಿ. ಅಷ್ಟಕ್ಕೂ ಆಗದಿದ್ದರೆ ನಮ್ಮ ಕೈಲಿಲ್ಲ ಎಂದು ಹೇಳಿ ಬನ್ನಿ. ಹಾಗೆ ಹೇಳುವುದಕ್ಕೆ ನೀವು ಎಂದೂ ನಾಚಿಕೆಪಟ್ಟವರಲ್ಲ.

ಅಂಚೆಯವಳು ನಿಮ್ಮ ಕಾಗದ ಕೊಡುವಾಗ, "ಯಜಮಾನ್ರು ಕಾಗದ ಹಾಕಿದಾರೆ, ತಗೊಳ್ಳಿ" ಅಂದಳು. ಅವಳು ಹೊಸಬಳು. ಯಜಮಾನರು ಎನ್ನುವ ಮಾತು ನನ್ನ ಬಾಗಿಲಿಗೆ ಬಂದು ಹತ್ತು ತಿಂಗಳಾಗಿತ್ತು. ಹೂಂ ಎಂದು ತೆಗೆದುಕೊಂಡೆ. ತಪ್ಪು ಎಂದು ಗೊತ್ತಿದ್ದೂ ತಿದ್ದಲಿಲ್ಲ.

ನಿಮಗೆ ಬರೆಯಲು ಕುಳಿತಾಗ ಸಂಜೆ ಬೇಗ ಕಳೆಯುತ್ತದೆ. ಇದನ್ನು ಹೇಳಬಾರದೆಂದಿದ್ದೆ. ಕಾಗದದ ಕೊನೆಗೆ ಬಂದಾಗ ಹೇಳಿಬಿಟ್ಟೆ.

ಇವಳು


ಮೇ 20

ಇವಳೇ,

ಮೂರನೇ ಮಹಡಿಯ ಬಾಗಿಲು. ನೀನು ಹೇಳಿದ ಹಾಗೆಯೇ, ಮುಚ್ಚಿದಂತೆ ಕಾಣುತ್ತಿತ್ತು, ಮುಚ್ಚಿರಲಿಲ್ಲ. ಅಂಗೈಗೆ ಗೊತ್ತಾಯಿತು. ತಾಮ್ರ ಇದ್ದಿಲಿನಂತಾಗಿತ್ತು. ಉಜ್ಜಿ, ಜೇಬಿನಿಂದ ಫ್ಯೂಸ್ ತೆಗೆದು ಹಾಕಿ ಗುಂಡಿ ಒತ್ತಿದೆ. ಒಂದು ಸಲ ಗೊರ್ ಎಂದಿತು, ಎದ್ದು ಬಂತು.

ಮುದುಕ ಕೆಳಗಿಳಿದು ಬಂದು ಕಟ್ಟಡದ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಮುಖವಿಟ್ಟು ಕುಳಿತ. ಪಕ್ಕದಲ್ಲಿ ನನಗೂ ಜಾಗ ಮಾಡಿದ. ಒಂದು ಗಂಟೆ ಕುಳಿತೆವು. ಈಗ ಬೀದಿಯಲ್ಲಿ ನನ್ನನ್ನು ಮೇಸ್ತ್ರಿ ಎನ್ನುತ್ತಾರೆ. ಇನ್ನೆರಡು ಕಟ್ಟಡದವರು ಕರೆದಿದ್ದಾರೆ. ನಿನ್ನ ತಮ್ಮ ಎಲ್ಲಾದರೂ ಸಿಕ್ಕರೆ ಹೇಳಬೇಕು, ಕಾಗದದ ಮೇಲಲ್ಲದೆ ನಿಜವಾಗಿಯೂ ಒಂದು ಕೆಲಸ ಆದರೆ ಹೇಗಿರುತ್ತದೆ ಎಂದು. ಅವನಿಗೆ ಗೊತ್ತಿರಲಾರದು.

ಈ ಊರು ಅಷ್ಟೇನೂ ಕೆಟ್ಟದ್ದಲ್ಲ. ಹೀಗೇ ಇದ್ದುಬಿಡಬಹುದು ಅನ್ನಿಸುತ್ತಿದೆ.

ನಿನ್ನವನು


ಜೂನ್ 10

ರೀ,

ನೀವು ಬದುಕಿದ್ದೀರಂತೆ. ನಿನ್ನೆ ಜನನ ಮರಣದ ಕಚೇರಿಯಲ್ಲಿ ಹೇಳಿದರು. ಇದನ್ನು ನಡುವೆ ಯಾರಾದರೂ ಓದಿದರೆ ತಲೆಕೆಟ್ಟ ಹೆಂಗಸು ಅಂದುಕೊಳ್ಳಲಿ.

ನೀವು ಮಲಗಿರುವ ಕಡೆ ಮಣ್ಣು ಕೂತು ಒಂದು ವರ್ಷವಾಯಿತು, ಇನ್ನು ಹೆಸರಿನ ಕಲ್ಲು ನಿಲ್ಲಿಸಬಹುದು ಎಂದು ಹೋಗಿದ್ದೆ. ಕಲ್ಲಿಗೆ ಮರಣಪತ್ರ ಬೇಕು ಎಂದರು. ನಿಮ್ಮ ಕೆಲಸಕ್ಕೆಂದು ಕೊಟ್ಟ ಈ ಕ್ವಾರ್ಟರ್ಸಿನ ಕಚೇರಿಯಲ್ಲೂ ಅದೇ ಮಾತು. ತೀರಿಕೊಂಡ ನೌಕರನ ಹೆಂಡತಿ ಮನೆಯಲ್ಲಿ ಇರಬಹುದು, ಕೆಲಸ ಬಿಟ್ಟು ಹೋದವನ ಹೆಂಡತಿ ಸೆಪ್ಟೆಂಬರ್ ಮುಗಿಯುವುದರೊಳಗೆ ಖಾಲಿ ಮಾಡಬೇಕು. ನಿಮ್ಮ ಮಣ್ಣಿಗೆ ಬಂದವರೇ ಈಗ ನನ್ನ ಮುಖ ನೋಡದೆ ಕಾಗದ ಕೇಳುತ್ತಿದ್ದಾರೆ.

ಮರಣದ ಗುಮಾಸ್ತ ಕಂಪ್ಯೂಟರು ನೋಡಿ, "ನಿಮ್ಮೆಜಮಾನ್ರು ಫೆಬ್ರವರಿ ಇಪ್ಪತ್ತೇಳಕ್ಕೆ ಗಡಿ ದಾಟಿದಾರಲ್ಲಮ್ಮ. ಜೀವಂತ ಇದಾರೆ. ಖುಷಿಪಡಿ" ಅಂದ. ಸ್ಮಶಾನದ ಪುಸ್ತಕದಲ್ಲಿ ಹೆಸರಿದೆ ಎಂದೆ. "ಅದು ಹೂತವರ ಲೆಕ್ಕ. ಸತ್ತವರ ಲೆಕ್ಕ ನಮ್ಮದು" ಅಂದ. ಆಸ್ಪತ್ರೆ ಕೊಟ್ಟ ಚೀಟಿ ಇದ್ದರೆ ತನ್ನಿ, ನೋಡೋಣ ಎಂದ.

ಆ ಚೀಟಿ ನನ್ನ ತಮ್ಮನ ಹತ್ತಿರ ಇತ್ತು. ಅಂದು ಸ್ಮಶಾನದ ಗೇಟಿನ ಹತ್ತಿರ ನನ್ನ ಕೈಯಿಂದ ತಾನೇ ತೆಗೆದುಕೊಂಡು, "ಕಾಗದಪತ್ರ ಎಲ್ಲ ನಾನ್ ನೋಡ್ಕೋತೀನಿ, ನೀನು ಮನೆಗ್ ಹೋಗಿ ಮಲಗು ಅಕ್ಕ" ಅಂದಿದ್ದ. ನಾನು ಹೋಗಿ ಮಲಗಿದೆ. ನಿಮಗೆ ಅವನು ಸಿಕ್ಕರೆ ಒಂದು ಮಾತು ಕೇಳಿ ತಿಳಿಸಿ. ಆ ಚೀಟಿಯನ್ನು ಕಚೇರಿಗೆ ಕೊಡುವುದನ್ನು ಅವನು ಮರೆತನೇ, ಅಥವಾ ಅಂದೇ ಯೋಚಿಸಿದ್ದನೇ?

ಇದಕ್ಕೆ ಉತ್ತರ ಬೇಕು. ಬೇರೇನೂ ಬೇಡ.

ಇವಳು


ಜುಲೈ 2

ಇವಳೇ,

ಮನೆ ಹೋಗುತ್ತದೆಂದು ಹೆದರಬೇಡ. ಎಂಬತ್ತನಾಲ್ಕು ಮೆಟ್ಟಿಲಿನ ಆ ಗೂಡಿನಲ್ಲಿ ಏನಿದೆ? ಊರೊಳಗೆ ನಲ್ಲಿ ಇರುವ ಒಳ್ಳೆಯ ಮನೆ ನೋಡಿಕೋ. ಖರ್ಚಿಗೆ ನಾನು ದಾರಿ ಮಾಡುತ್ತೇನೆ. ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ, ಒಂದೆರಡು ವರ್ಷ ಬಿಟ್ಟು ನಿಲ್ಲಿಸಿದರಾಯಿತು.

ನಿನ್ನ ತಮ್ಮನ ವಿಷಯ ನನಗೇನು ಗೊತ್ತು? ಆಗ ಅವನ ತಲೆಯ ಮೇಲೆ ನೂರೆಂಟು ಇತ್ತು. ಮರೆತಿರಬೇಕು.

ಇಲ್ಲಿ ಸೆಕೆ. ಇನ್ನೊಂದು ಲಿಫ್ಟ್ ಸರಿಮಾಡಿದೆ. ಈ ಸಲ ಮೊದಲನೇ ಮಹಡಿಯ ಬಾಗಿಲು.

ನಿನ್ನವನು


ಆಗಸ್ಟ್ 25

ಇವಳೇ,

ಏಳು ವಾರವಾಯಿತು. ಕಾಗದವಿಲ್ಲ. ಹುಷಾರಿಲ್ಲವೇ? ಮನೆ ಬದಲಿಸಿದೆಯಾ? ಪೊಲೀಸರು ಮತ್ತೆ ಬಂದರೇ? ಒಂದು ಸಾಲು ಬರೆದರೂ ಸಾಕು. ನನ್ನ ಕಾಗದದಲ್ಲಿ ಎಷ್ಟು ತಪ್ಪಿತ್ತು ಎಂದಾದರೂ ಬರಿ.

ಕಟ್ಟೆಯ ಮೇಲೆ ಕೂರುತ್ತಿದ್ದ ಮುದುಕ ಹೋದ ವಾರ ತೀರಿಕೊಂಡ. ಅವನ ಮಗಳು ದೂರದ ಊರಿನಿಂದ ಬಂದಳು. ನಾನು ಸರಿಮಾಡಿದ ಲಿಫ್ಟಿನಲ್ಲೇ ಅವನನ್ನು ಇಳಿಸಿದರು. ಮಣ್ಣಿಗೆ ಹೋಗಿದ್ದೆ. ಗೇಟಿನ ಹತ್ತಿರ ಅವಳು ಕೈಯಲ್ಲಿ ಒಂದು ಚೀಟಿ ಹಿಡಿದುಕೊಂಡು ಯಾರಿಗೆ ಕೊಡುವುದೆಂದು ತಿಳಿಯದೆ ಆ ಕಡೆ ಈ ಕಡೆ ನೋಡುತ್ತಿದ್ದಳು. ನೆಟ್ಟಗೆ ಬಟ್ಟೆ ಹಾಕಿದವನು ನಾನೊಬ್ಬನೇ ಕಂಡಿರಬೇಕು, ನನ್ನ ಮುಂದೆ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ. ಕಚೇರಿ ಎಲ್ಲಿದೆ ಎಂದು ತೋರಿಸಿ, "ನೀವೇ ಕೊಡಿ" ಎಂದು ಬಂದುಬಿಟ್ಟೆ.

ಈ ಸಾಲಿನಲ್ಲಿ ಒಂದು ಶಬ್ದ ಬರೆದು ಗೀಚಿ ಹಾಕಿದ್ದೇನೆ. ಬೆಳಕಿಗೆ ಹಿಡಿದು ನೋಡಬೇಡ. ಆ ಶಬ್ದವನ್ನು ಬಾಯಿಬಿಟ್ಟು ಕರೆದು ಆರು ತಿಂಗಳಾಯಿತು.

ನಿನ್ನವನು


ಸೆಪ್ಟೆಂಬರ್ 12

ತಮ್ಮ,

ನಿನ್ನ ಲಾರಿ ಡ್ರೈವರನ್ನು ಹುಡುಕಿ ಈ ಕಾಗದ ಕೊಡುತ್ತಿದ್ದೇನೆ. ಯಾರೂ ಒಡೆದು ಓದುವುದಿಲ್ಲ. ಓದಿ ಏನು ಮಾಡಬೇಕೆನ್ನುವುದು ನಿನಗೇ ಬಿಟ್ಟದ್ದು.

ಗಡಿಯಲ್ಲಿ ನಿನ್ನನ್ನು ಸ್ಪ್ಯಾನರ್ ಚೀಲ ದಾಟಿಸಲಿಲ್ಲ. ನಾನು ದಾಟಿಸಿದೆ.

ಫೆಬ್ರವರಿಯಲ್ಲಿ ನಿನ್ನನ್ನು ಹುಡುಕುವ ಪ್ರಕಟಣೆ ಗೆಜೆಟ್ಟಿಗೆ ಬಂತು. ಕರಡು ನನ್ನ ಮೇಜಿಗೇ ಬಂತು. ನಿನ್ನ ಎತ್ತರ, ಬಣ್ಣ, ಎಲ್ಲ ಸರಿಯಿತ್ತು. 'ಬಲಗಣ್ಣಿನ ಕೆಳಗೆ ಕಡಲೆ ಗಾತ್ರದ ಮಚ್ಚೆ' ಎಂದಿತ್ತು. ಯಾವುದೋ ಫೋಟೋ ತಿರುವುಮುರುವಾಗಿ ಅಚ್ಚಾದದ್ದನ್ನು ನೋಡಿ ಬರೆದಿರಬೇಕು. ಎರಡು ವರ್ಷದ ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಆ ಮಚ್ಚೆ ಎಡಗಡೆ ಇದೆಯೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಮೂಲಪ್ರತಿಯಲ್ಲೇ ತಪ್ಪಿದೆ ಅನ್ನಿಸಿದರೆ ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಕಳಿಸುವುದು ನಮ್ಮ ಪ್ರೆಸ್ಸಿನ ಪದ್ಧತಿ. ಎದುರಿಗೆ ಕುಳಿತು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದವರು 'ಬಲಗಣ್ಣಿನ' ಎಂದು ಓದಿ ನಿಲ್ಲಿಸಿದರು. ನಾನು 'ಮುಂದೆ' ಅಂದೆ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ನಾನು ತಿಳಿದೂ ತಿಳಿದೂ ಬಿಟ್ಟ ತಪ್ಪು ಅದೊಂದೇ.

ನೀನು ನಿನ್ನ ಹೆಸರಿನಲ್ಲಿ, ನಿನ್ನ ಕಾಲಲ್ಲಿ ಓಡುತ್ತೀಯ ಎಂದುಕೊಂಡಿದ್ದೆ. ನನ್ನ ಗಂಡನನ್ನು ಎತ್ತಿಕೊಂಡು ಹೋಗುತ್ತೀಯ ಎಂದು ಗೊತ್ತಿರಲಿಲ್ಲ.

ಮರೆತಿರಬೇಕು ಎಂದು ಬರೆದೆ. ನೀನು ಮರೆಯುವವನಲ್ಲ. ಹಾಕದ ಪೈಪಿನ ಉದ್ದ ಕೂಡ ನಿನಗೆ ನೆನಪಿರುತ್ತದೆ. ನಿಜ ಹೇಳುವುದಾದರೆ ಆ ಸುಳ್ಳು ನನ್ನನ್ನು ಅಷ್ಟು ನೋಯಿಸಲಿಲ್ಲ. ನೋಯಿಸಿದ್ದು ಬೇರೆ. ನಿನಗೆ 'ರೀ' ಎಂದು ಬರೆಯುವುದು ನಾಟಕವೆಂದು ಶುರುವಾಯಿತು, ಆಮೇಲೆ ನನಗೆ ಅದೇ ಬೇಕಾಯಿತು. ಪ್ರೆಸ್ಸಿನಿಂದ ಬೇಗ ಬೇಗ ಮನೆಗೆ ಬರುತ್ತಿದ್ದೆ. ಇವತ್ತು ಇವರಿಗೆ ಏನು ಬರೆಯಲಿ ಎಂದು ಮೆಟ್ಟಿಲು ಹತ್ತುವಾಗ ಯೋಚಿಸುತ್ತಿದ್ದೆ. ಹೋದವರನ್ನು ಅಂಚೆಯಲ್ಲಿ ಇಟ್ಟುಕೊಂಡಿದ್ದೆ. ಈ ಎರಡು ತಿಂಗಳು ಬರೆಯದೆ ಕೂತಾಗ ಅವರು ಇನ್ನೊಂದು ಸಲ ಸತ್ತರು. ಈ ಸಲ ಮಣ್ಣಿಗೆ ನಾನೊಬ್ಬಳೇ.

ಅಚ್ಚಾದ ತಪ್ಪನ್ನು ಮುಂದಿನ ಸಂಚಿಕೆಯ ಕೊನೆಯಲ್ಲಿ ಸರಿಮಾಡಿ ಹಾಕುವ ಚೀಟಿಗೆ ನಮ್ಮ ಪ್ರೆಸ್ಸಿನ ಹಳಬರು ಒಪ್ಪೋಲೆ ಎನ್ನುತ್ತಾರೆ. ಒಂದು ಕಡೆ ತಪ್ಪು, ಎದುರಿಗೆ ಒಪ್ಪು. ನಿನ್ನೆ ಒಂದು ಸಾಲು ಬರೆದು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ತಪ್ಪು: ಬಲಗಣ್ಣಿನ. ಒಪ್ಪು: ಎಡಗಣ್ಣಿನ. ಹೇಗೆ ಗೊತ್ತು ಎಂದು ಕೇಳಿದರು. "ನನ್ನ ತಮ್ಮ ಸಾರ್" ಅಂದೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಮಚ್ಚೆಯ ತಪ್ಪು ನನ್ನದು, ನಾನು ತಿದ್ದಿದೆ. ಇನ್ನೊಂದು ನಿನ್ನದು. ನೀನು ಸುಡು ಎಂದಿದ್ದ ಮೊದಲ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಕರಡು ಸುಡುವ ಅಭ್ಯಾಸ ನನಗಿಲ್ಲ. ಅದನ್ನು ಗುಮಾಸ್ತನಿಗೆ ತೋರಿಸಿದರೆ ನಾಳೆಯೇ ನನಗೆ ಮರಣಪತ್ರ ಸಿಗುತ್ತದೆ. ತೋರಿಸುವುದಿಲ್ಲ. ನಿನ್ನ ತಪ್ಪನ್ನು ನಾನು ತಿದ್ದಿದರೆ ಅದು ತಿದ್ದಿದ ಹಾಗಲ್ಲ. ಮೂವತ್ತಕ್ಕೆ ಮನೆ ಬಿಡಬೇಕು, ಸಾಮಾನು ಕಟ್ಟುತ್ತಿದ್ದೇನೆ. ಅವರ ಎರಡನೇ ಜೊತೆ ಸ್ಪ್ಯಾನರುಗಳು ಮಾತ್ರ ಇನ್ನೂ ಮೊಳೆಯ ಮೇಲಿವೆ.

ಇನ್ನು 'ಇವಳೇ' ಎಂದು ಬರೆಯಬೇಡ. ಬಂದರೆ ಒಡೆಯದೆ ಹಿಂದಕ್ಕೆ ಕಳಿಸುತ್ತೇನೆ.

ಅಕ್ಕ


ಸೆಪ್ಟೆಂಬರ್ 20

ಅಕ್ಕ,

ಇದನ್ನು ಅಂಚೆಯಲ್ಲೇ ಹಾಕುತ್ತಿದ್ದೇನೆ. ಒಡೆದು ಓದುವವರು ಇದ್ದರೆ ಓದಲಿ. ಅಕ್ಕ, ಅಕ್ಕ. ಗೀಚಿ ಹಾಕಿದ ಶಬ್ದ ಇದೇ.

ಮರೆತಿರಲಿಲ್ಲ. ವಿಚಾರಣೆಯ ಮೊದಲ ನೋಟಿಸು ಭಾವ ತೀರಿಕೊಳ್ಳುವ ನಾಲ್ಕು ದಿನ ಮೊದಲು ನನ್ನ ಕೈಗೆ ಬಂದಿತ್ತು. ಅವರ ಮೇಲೆ ಮಣ್ಣು ಬೀಳುತ್ತಿರುವಾಗ ನನಗೆ ಪಾಸ್‌ಪೋರ್ಟು ನೆನಪಾಯಿತು. ನಾನು ಅಳುತ್ತಲೂ ಇದ್ದೆ. ಎರಡೂ ನಿಜ. ಗೇಟಿನ ಹತ್ತಿರ ನಿನ್ನ ಕೈಯಿಂದ ಚೀಟಿ ತೆಗೆದುಕೊಂಡಾಗ ನೀನು "ನೀನೊಬ್ಬ ಇದೀಯಲ್ಲ ಸದ್ಯ" ಅಂದೆ. ಆ ಮಾತಿನ ಜೊತೆ ಇಲ್ಲಿ ಏಳು ತಿಂಗಳು ಒಂದೇ ಕೋಣೆಯಲ್ಲಿದ್ದೆ.

ಚೀಟಿ ಹದಿನೈದು ತಿಂಗಳು ನನ್ನ ಪರ್ಸಿನಲ್ಲಿತ್ತು. ಹರಿದು ಹಾಕಲು ಕೈ ಬರಲಿಲ್ಲ, ಕೊಡಲು ಮನಸ್ಸು ಬರಲಿಲ್ಲ. ಈ ಲಕೋಟೆಯಲ್ಲಿದೆ. ಪಾಸ್‌ಪೋರ್ಟೂ ಇದೆ. ಭಾವನನ್ನು ನಿನಗೆ ವಾಪಸು ಕಳಿಸುತ್ತಿದ್ದೇನೆ. ಅದರಲ್ಲಿರುವ ಒಂದೇ ಸೀಲು ನನ್ನದು, ಅವರದಲ್ಲ. ಗುಮಾಸ್ತನಿಗೆ ಈ ಕಾಗದವನ್ನೇ ತೋರಿಸು. ಮನೆ ಬಿಡುವ ಮೊದಲೇ ಇದು ನಿನ್ನ ಕೈ ಸೇರಿದರೆ ಮೊಳೆಯ ಮೇಲಿನ ಸ್ಪ್ಯಾನರುಗಳನ್ನು ಇಳಿಸಬೇಡ.

ಬಾಡಿಗೆಯ ಹೆಂಗಸಿಗೆ ಎಲ್ಲ ಹೇಳಿದೆ. ಪೂರ್ತಿ ಅರ್ಥವಾಯಿತೋ ಇಲ್ಲವೋ. ಕೊನೆಗೆ, "ಹಾಗಾದ್ರೆ ಲಿಫ್ಟ್ ಯಾರು ನೋಡ್ತಾರೆ?" ಅಂದಳು. ಬಾಗಿಲ ಮೇಲೆ ಅವಳ ಕೈಯಿಡಿಸಿ ಅಲ್ಲಾಡಿಸುವುದು ಹೇಗೆಂದು ತೋರಿಸಿದೆ. ಭಾವನ ಪಾಠ ಇಲ್ಲೊಂದು ಕೈಯಲ್ಲಿ ಉಳಿಯಿತು.

ನಾಳೆ ಮಧ್ಯಾಹ್ನ ಅದೇ ಕೌಂಟರಿನ ಮುಂದೆ, ಈ ಸಲ ಆಚೆ ಕಡೆಯ ಸಾಲಿನಲ್ಲಿ ನಿಲ್ಲುತ್ತೇನೆ. ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಗಡ್ಡ ತೆಗೆಸಿದ್ದೇನೆ. ನಿನ್ನ ಒಪ್ಪೋಲೆ ಅಷ್ಟು ಹೊತ್ತಿಗೆ ಅವನ ಗಾಜಿನ ಮೇಲೆ ಬಂದಿದ್ದರೆ, ಎಡಬಲ ಗುಣಿಸುವ ಕಷ್ಟ ಅವನಿಗೆ ಇರುವುದಿಲ್ಲ.

ಈ ಕಾಗದದಲ್ಲಿ ಎಷ್ಟು ತಪ್ಪಿದೆಯೋ ಗೊತ್ತಿಲ್ಲ. ತಿದ್ದಿ ಇಟ್ಟಿರು. ಬಂದು ನೋಡುತ್ತೇನೆ.

ನಿನ್ನ ತಮ್ಮ